ಯುರೋಪಿನ ಡಿಎನ್‌ಎಯಲ್ಲಿ ನೆಂಟಸ್ತಿಕೆ ಹುಡುಕಿದ್ದು ಹೀಗೆ

ಯುರೋಪಿನಲ್ಲಿ ಯಾರಿಗೆ ಯಾರು ಹತ್ತಿರ ಅಂತ ಓದಿ ತಿಳಿಯುವುದು ಒಂದು, ಡೇಟಾ ಇಳಿಸಿಕೊಂಡು ನಾವೇ ಲೆಕ್ಕ ಹಾಕಿ ನೋಡುವುದು ಇನ್ನೊಂದು. ಇದಕ್ಕೆ ಲ್ಯಾಬ್ ಬೇಕಾಗಿಲ್ಲ, ಲ್ಯಾಪ್‌ಟಾಪ್ ಸಾಕು. ಹಾರ್ವರ್ಡ್‌ನ ಡೇವಿಡ್ ರೈಕ್ ತಂಡ ಹಳೇ ಮೂಳೆಗಳ ಡಿಎನ್‌ಎಯನ್ನೂ ಇವತ್ತಿನ ಜನರ ಡಿಎನ್‌ಎಯನ್ನೂ ಒಂದೇ ಕಡೆ ಸೇರಿಸಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದೆ. ಅದರಲ್ಲಿ ಸುಮಾರು 6 ಲಕ್ಷ ಎಸ್‌ಎನ್‌ಪಿ ಇರುವ ಫೈಲನ್ನು ನಾನು ತೆಗೆದುಕೊಂಡೆ. ಎಸ್‌ಎನ್‌ಪಿ ಅಂದರೆ ಡಿಎನ್‌ಎಯಲ್ಲಿ ಜನರಿಂದ ಜನರಿಗೆ ಒಂದೇ ಒಂದು ಅಕ್ಷರ ಬದಲಾಗುವ ಜಾಗ.

ಮೊದಲು ಶುಚಿ ಮಾಡುವ ಕೆಲಸ. ಅಣ್ಣ ತಮ್ಮ, ಅಪ್ಪ ಮಗಳು ಇಬ್ಬರೂ ಡೇಟಾದಲ್ಲಿದ್ದರೆ ಒಬ್ಬರನ್ನು ತೆಗೆಯಬೇಕು. ಆಮೇಲೆ ಪ್ಲಿಂಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಯಾವಾಗಲೂ ಜೊತೆಯಾಗಿಯೇ ಬರುವ ಅಕ್ಕಪಕ್ಕದ ಎಸ್‌ಎನ್‌ಪಿಗಳನ್ನು ಕಡಿಮೆ ಮಾಡಿದೆ. ಬೇಜಾರಿನ ಕೆಲಸವೇ, ಆದರೆ ಬಿಡುವ ಹಾಗಿಲ್ಲ.

ನಂತರ ಪಿಸಿಎ. ಅಂದರೆ ಲಕ್ಷಾಂತರ ಎಸ್‌ಎನ್‌ಪಿಗಳ ವ್ಯತ್ಯಾಸವನ್ನು ಒಂದೆರಡು ಅಕ್ಷಗಳಿಗೆ ಇಳಿಸಿ, ಒಬ್ಬೊಬ್ಬರನ್ನೂ ಒಂದು ಚುಕ್ಕಿಯಾಗಿ ತೋರಿಸುವ ಲೆಕ್ಕ. ಹೋಲುವವರ ಚುಕ್ಕಿಗಳು ಹತ್ತಿರ ಬೀಳುತ್ತವೆ. 2008ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 1,387 ಯುರೋಪಿಯನ್ನರ ಡಿಎನ್‌ಎಯಿಂದ ಹೆಚ್ಚುಕಡಿಮೆ ಯುರೋಪಿನ ನಕ್ಷೆಯನ್ನೇ ಬಿಡಿಸಿತ್ತು. ಅದೇ ಆಕಾರ ನಮ್ಮ ಸ್ಕ್ರೀನಿನ ಮೇಲೆ ಮೂಡುವುದನ್ನು ನೋಡಿದಾಗ ಆಗುವ ಖುಷಿಯೇ ಬೇರೆ. ನಾನು ಇವತ್ತಿನ ಜನರಿಂದ ಅಕ್ಷಗಳನ್ನು ಕಟ್ಟಿ, ಹಳೇ ಮಾದರಿಗಳನ್ನು ಅದರ ಮೇಲೆ ಕೂರಿಸಿದೆ. ಹಳೇ ಮೂಳೆಗಳ ಡೇಟಾದಲ್ಲಿ ಖಾಲಿ ಜಾಗ ಜಾಸ್ತಿ, ಅವೇ ಅಕ್ಷ ಎಳೆಯುವ ಹಾಗೆ ಬಿಡಬಾರದು. ಟರ್ಕಿಯ ಬಾರ್ಜಿನ್‌ನಲ್ಲಿ 8,000 ವರ್ಷಕ್ಕೂ ಹಿಂದೆ ಇದ್ದ ರೈತರು ಎಲ್ಲಿ ಬಿದ್ದರು ಗೊತ್ತಾ? ಸಾರ್ಡೀನಿಯಾ ದ್ವೀಪದವರ ಹತ್ತಿರ. 1991ರಲ್ಲಿ ಆಲ್ಪ್ಸ್‌ನ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಅನ್ನುವ ಮನುಷ್ಯನ ಚುಕ್ಕಿಯೂ ಆ ಕಡೆಯೇ. ಅನಟೋಲಿಯಾದಿಂದ, ಅಂದರೆ ಇವತ್ತಿನ ಟರ್ಕಿಯ ಕಡೆಯಿಂದ, ಬೇಸಾಯ ಹೊತ್ತು ಬಂದವರ ಪಾಲು ಇವತ್ತು ಅತಿ ಹೆಚ್ಚು ಉಳಿದಿರುವುದು ಆ ದ್ವೀಪದಲ್ಲಿ.

ಅಡ್ಮಿಕ್ಸ್‌ಚರ್ ಅನ್ನುವ ಪ್ರೋಗ್ರಾಂ ಒಬ್ಬೊಬ್ಬರ ವಂಶವನ್ನೂ ಬಣ್ಣಗಳಾಗಿ ಪಾಲು ಮಾಡಿ ತೋರಿಸುತ್ತದೆ. ಅದರ ಬಣ್ಣದ ಪಟ್ಟಿಗಳ ವಿಷಯದಲ್ಲಿ ಮಾತ್ರ ನಾನು ಹುಷಾರು. ಎಷ್ಟು ಬಣ್ಣ ಬೇಕು ಅಂತ ಹೇಳುವವರು ನಾವೇ ಅಲ್ವಾ? ಫಿನ್‌ಲ್ಯಾಂಡಿನವರನ್ನು ಜಾಸ್ತಿ ಸೇರಿಸಿದರೆ ಅವರಿಗೇ ಒಂದು ಬಣ್ಣ ಬಂದುಬಿಡಬಹುದು. ಅದನ್ನು ನೋಡಿ ಅವರ ಮೂಲವೇ ಬೇರೆ ಅನ್ನುವ ಹಾಗಿಲ್ಲ. ಸಣ್ಣ ಗುಂಪಿನಿಂದ ಬೆಳೆದ ಜನರಿಗೆ ಹಾಗೆ ಆಗುತ್ತದೆ.

ಅದಕ್ಕೇ ನಾನು ಎಫ್4 ಪರೀಕ್ಷೆಯನ್ನು ಜಾಸ್ತಿ ನಂಬುತ್ತೇನೆ. ಅದು ನಾಲ್ಕು ಗುಂಪುಗಳ ಡಿಎನ್‌ಎಯನ್ನು ಹೋಲಿಸುವ ಲೆಕ್ಕ. ಅದಕ್ಕೆ ಒಂದೇ ಪ್ರಶ್ನೆ ಕೇಳಬೇಕು, ಅದು ಒಂದೇ ಉತ್ತರ ಕೊಡುತ್ತದೆ. ನಾನು ಕೇಳಿದ್ದು: ಸೈಬೀರಿಯಾದ ನ್ಗಾನಾಸಾನ್ ಜನರಿಗೆ ಲಿಥುವೇನಿಯಾದವರು ಹತ್ತಿರವೋ, ಫಿನ್‌ಲ್ಯಾಂಡಿನವರೋ? ಹೋಲಿಕೆಗೆ ದೂರದ ಗುಂಪಾಗಿ ಆಫ್ರಿಕಾದ ಎಂಬೂಟಿ ಜನರನ್ನು ಇಟ್ಟೆ. ಇಬ್ಬರೂ ಸಮಾನ ದೂರದಲ್ಲಿದ್ದರೆ ಉತ್ತರ ಸೊನ್ನೆಯ ಆಸುಪಾಸು ಬರಬೇಕು. ಉತ್ತರ ಸೊನ್ನೆಯಿಂದ ಎಷ್ಟು ಖಚಿತವಾಗಿ ದೂರ ಇದೆ ಅಂತ ಹೇಳುವ ಝಡ್ ಅಂಕ 3 ದಾಟಿದರೆ ಅದು ಸುಮ್ನೆ ಬಂದ ಏರುಪೇರಲ್ಲ ಅಂತ ಲೆಕ್ಕ. ಇಲ್ಲಿ ಅದು ಫಿನ್‌ಲ್ಯಾಂಡಿನ ಕಡೆಗೆ 3ನ್ನು ದಾಟಿಯೇ ಹೋಯಿತು. ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ 3,500 ವರ್ಷ ಹಿಂದಿನ ಮೂಳೆಗಳಲ್ಲೂ ಸೈಬೀರಿಯಾದ ಪಾಲು ಸಿಕ್ಕಿದೆ. ಹಂಗೇರಿಯವರ ಭಾಷೆ ಫಿನ್ನಿಶ್‌ಗೆ ನೆಂಟ. ಆದರೆ ಪಿಸಿಎಯಲ್ಲಿ ಅವರು ಅಕ್ಕಪಕ್ಕದ ದೇಶದವರ ನಡುವೆಯೇ ಕೂರುತ್ತಾರೆ. ಭಾಷೆ ಉಳಿದ ಕಡೆ ವಂಶವೂ ಅಷ್ಟೇ ಉಳಿಯಬೇಕು ಅಂತೇನಿಲ್ಲ.

ಕೊನೆಗೆ ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಜನರನ್ನು ತೆಗೆದುಕೊಂಡೆ. ಅವರ ಭಾಷೆಗೆ ಸುತ್ತಮುತ್ತ ನೆಂಟರೇ ಇಲ್ಲ. ಹಾಗಾಗಿ ಅವರು ಯಾರ ಜೊತೆಯೂ ಬೆರೆಯದೆ ಉಳಿದ ಆದಿವಾಸಿಗಳು ಅಂತ ಬಹಳ ಜನ ನಂಬಿದ್ದಾರೆ. ಒಂದು ಗುಂಪನ್ನು ಯಾವ್ಯಾವ ಹಳೇ ಗುಂಪುಗಳ ಬೆರಕೆಯಾಗಿ ವಿವರಿಸಬಹುದು ಅಂತ ಪರೀಕ್ಷಿಸುವ ಕ್ಯೂಪಿಆಡಮ್ ಪ್ರೋಗ್ರಾಂನಲ್ಲಿ ಅನಟೋಲಿಯಾದ ರೈತರು ಮತ್ತು ಪಶ್ಚಿಮ ಯುರೋಪಿನ ಬೇಟೆಗಾರರು, ಇಷ್ಟರಿಂದಲೇ ಅವರನ್ನು ಕಟ್ಟಲು ನೋಡಿದೆ. ಮಾಡೆಲ್ ಡೇಟಾಕ್ಕೆ ಹೊಂದದೆ ನಿಲ್ಲಲಿಲ್ಲ. ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನ ಯಾಮ್ನಾಯ ಜನರನ್ನು ಸೇರಿಸಿದ ಮೇಲೆಯೇ ಅದು ನಿಂತಿತು. ಕ್ರಿ.ಪೂ. 2000ದ ಹೊತ್ತಿಗೆ ಐಬೀರಿಯಾದ (ಇವತ್ತಿನ ಸ್ಪೇನ್, ಪೋರ್ಚುಗಲ್) ವಂಶಪಾಲಿನಲ್ಲಿ ಸುಮಾರು 40% ಆ ಹುಲ್ಲುಗಾವಲಿನ ಪಾಲು ಹೊತ್ತು ಹೊಸದಾಗಿ ಬಂದವರದ್ದಾಗಿತ್ತು, ಅಪ್ಪನಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ಹೆಚ್ಚುಕಡಿಮೆ ಪೂರ್ತಿ ಬದಲಾಗಿತ್ತು. ಆ ಬದಲಾವಣೆ ಬಾಸ್ಕ್ ನಾಡನ್ನೂ ಬಿಟ್ಟಿಲ್ಲ. ಭಾಷೆ ಮಾತ್ರ ಹಳೆಯದೇ ಉಳಿಯಿತು.