ನಾಲ್ಕನೆಯ ಕೊಟ್ಟಿಗೆ

"ಹಾಲು ಕೊಳ್ಳುವುದಕ್ಕೂ ಎರಡು ವರ್ಷ ಹುಡುಕಬೇಕೇ ಭಾವ?" ಎಂದು ನಕ್ಕಿದ್ದ ಬಾಮೈದನ ಮನೆಗೂ ಈಗ ನನ್ನದೇ ಮೊಸರು ಹೋಗುತ್ತಿದೆ. ಮೈಸೂರಿನಲ್ಲಿ ನಲವತ್ತು ಮನೆಗೆ ಮೊಸರು, ತುಪ್ಪದ ವರ್ತನೆ ನನ್ನದು. ದಿನಕ್ಕೆ ಇಪ್ಪತ್ತೈದು ಲೀಟರ್ ಹಸಿ ಹಾಲು ಬೇಕು.

ಮೊದಲನೆಯದು ನಾಟಿ ಹಸುವಿನ ಫಾರ್ಮ್. ಲೀಟರಿಗೆ ನೂರರ ಮೇಲೆ, ನೆಲಕ್ಕೆಲ್ಲ ಟೈಲ್ಸ್. ಒಂದು ಕರುವೂ ಕಣ್ಣಿಗೆ ಬೀಳಲಿಲ್ಲ. ನನ್ನ ಮಂಕುತಲೆಗೆ ಆಗ ಹೊಳೆಯಲಿಲ್ಲ. ಮೂರನೆಯ ವಾರ ಹೇಳದೆ ಬೆಳಗಿನ ಜಾವ ಹೋದರೆ ತಿಪ್ಪೆಯ ಪಕ್ಕ, ಕರುವಿಲ್ಲದೆಯೇ ಹಾಲಿಳಿಸಲು ಹಸುವಿಗೆ ಚುಚ್ಚುವ ಆಕ್ಸಿಟೋಸಿನ್‌ನ ಖಾಲಿ ಬಾಟಲಿಗಳು. ಮುಂಗಡ ಕೊಟ್ಟ ಎಂಟು ಸಾವಿರಕ್ಕೆ ಎಳ್ಳುನೀರು ಬಿಟ್ಟೆ.

ಎರಡನೆಯವನ ಹಾಲಿನ ಸಾಂದ್ರತೆ ಅಳೆದರೆ ಲ್ಯಾಕ್ಟೋಮೀಟರ್ ದಿನವೂ 28 ತೋರಿಸುತ್ತಿತ್ತು. ಮೇವು ಬದಲಾದರೂ 28, ಮಳೆ ಹಿಡಿದರೂ 28. ನೀರು ಬೆರೆಸಿ ಸಕ್ಕರೆಯಿಂದ ಅಂಕಿ ಸರಿಮಾಡುತ್ತಿದ್ದ. ಸಿಕ್ಕಿಬಿದ್ದದ್ದು ತುಪ್ಪದಲ್ಲಿ: ಹತ್ತು ಲೀಟರಿಗೆ ಮುನ್ನೂರೈವತ್ತು ಗ್ರಾಂ ಆಸುಪಾಸು ಬರಬೇಕಾದದ್ದು ಇನ್ನೂರೈವತ್ತಕ್ಕೆ ನಿಂತಿತು.

ಮೂರನೆಯ ಕಡೆ ಹಾಲು ಚೆನ್ನಾಗಿಯೇ ಇತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಇಪ್ಪತ್ತೆರಡು ಲೀಟರ್ ಹಾಲು ಹಾಲಾಗಿಯೇ ಕೂತಿದೆ. ಹೆಪ್ಪನ್ನು ಶಂಕಿಸಿದೆ, ಚಳಿಯನ್ನು ಬೈದೆ, ಪಾತ್ರೆಗೆ ಕಂಬಳಿ ಹೊದಿಸಿದೆ. ಮರುದಿನವೂ ಅದೇ ಕಥೆ. ಕೆಚ್ಚಲುಬಾವಿಗೆ ಆಂಟಿಬಯಾಟಿಕ್ ಕೊಡಿಸಿ ಆ ಹಾಲನ್ನೂ ಕ್ಯಾನಿಗೆ ಸುರಿದಿದ್ದರು. ಆ ಔಷಧಿ ಬೆರೆತರೆ ಹೆಪ್ಪು ಕೆಲಸ ಮಾಡುವುದಿಲ್ಲ. ಎರಡು ದಿನಕ್ಕೆ ಎರಡು ಸಾವಿರದ ಮೇಲೆ ಹೋಯಿತು, ಆದರೆ ದಾರಿ ಸಿಕ್ಕಿತು.

ಆಮೇಲೆ ಯಾವ ಕೊಟ್ಟಿಗೆಯ ಹಾಲೇ ಬರಲಿ, ಎರಡು ವಾರ ಪ್ರತಿ ಹಸುವಿನದನ್ನೂ ಬೇರೆ ಬೇರೆ ಲೋಟಗಳಲ್ಲಿ ಕಾಯಿಸಿ, ಒಂದೇ ಹೆಪ್ಪು ಹಾಕಿ ಆರು ಗಂಟೆಗೆ ಓರೆ ಮಾಡಿ ನೋಡಿದೆ. ಯಾವ ಹೆಪ್ಪು, ಎಷ್ಟು ಎಂದು ಮಾತ್ರ ಕೇಳಬೇಡಿ. ಅಡುಗೆಮನೆ ಆಸ್ಪತ್ರೆಯಾಯಿತು ಎಂದು ಹೆಂಡತಿ ಗೊಣಗಿದಳು. ಹಸಿ ಹಾಲಿನಿಂದ ಮನುಷ್ಯರಿಗೂ ಹರಡುವ ಕಂದುರೋಗ (ಬ್ರುಸೆಲ್ಲೋಸಿಸ್) ಲೋಟದಲ್ಲಿ ಕಾಣುವುದಿಲ್ಲವಲ್ಲ, ಪಶುವೈದ್ಯರಿಂದ ಹಸುಗಳ ರಕ್ತಪರೀಕ್ಷೆಯನ್ನು ನನ್ನದೇ ಖರ್ಚಿನಲ್ಲಿ ಮಾಡಿಸಿದೆ. ಆದರೂ ಕಾಯಿಸದ ಹಾಲು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹೋಗುವುದಿಲ್ಲ.

ನಡುವೆ ಒಂದು ತಿಂಗಳು ಬೆಳಗಿನ ಹಾಲು, ಸಂಜೆಯ ಹಾಲು ಎಂದು ಬೇರೆ ಬೇರೆ ಬೆಣ್ಣೆ ತೆಗೆದೆ. ಸಂಜೆಯದರಲ್ಲಿ ತುಸು ಹೆಚ್ಚು ಬಂತು. ಎರಡೆರಡು ಕಡೆಗೋಲು ತೊಳೆಯುವ ಕೂಲಿಗೆ ಸಾಲದು, ಬಿಟ್ಟೆ.

ಕೊನೆಗೆ ಗಟ್ಟಿಯಾದದ್ದು ನಂಜನಗೂಡು ರಸ್ತೆಯ ಕಡೆಯ ಒಬ್ಬ ಅಜ್ಜಿಯ ಕೊಟ್ಟಿಗೆ. ನಾಲ್ಕು ಮಿಶ್ರತಳಿ ಹಸು, ಮಣ್ಣಿನ ನೆಲ, ಗೂಟಕ್ಕೊಂದು ಕರು. ಲೋಟಗಳೆಲ್ಲ ಪಾಸಾಗಿದ್ದರೂ ನನಗೆ ಅರೆಮನಸ್ಸೇ. ಒಂದು ದಿನ ಅಜ್ಜಿಯೇ ಅರ್ಧ ತುಂಬಿದ ಕ್ಯಾನನ್ನು ಮುಂದಿಟ್ಟು, "ಇವತ್ತು ಇಷ್ಟೇ ಸ್ವಾಮಿ. ಕೆಂಪಿಯ ಕೆಚ್ಚಲಿಗೆ ಡಾಕ್ಟರು ಔಷಧಿಯ ಟ್ಯೂಬು ಹಾಕಿದ್ದಾರೆ. ಅವರು ಹೇಳುವವರೆಗೆ ಅವಳ ಹಾಲನ್ನು ತಿಪ್ಪೆಗೆ ಚೆಲ್ಲುತ್ತೇನೆ" ಎಂದರು.

ಆ ದಿನ ಹನ್ನೆರಡು ಮನೆಗೆ ಮೊಸರು ತಪ್ಪಿತು, ಎಲ್ಲರಿಂದಲೂ ಬೈಸಿಕೊಂಡೆ. ಮರುದಿನ ಅಜ್ಜಿಗೆ ಕೇಳದೆಯೇ ಲೀಟರಿಗೆ ನಾಲ್ಕು ರೂಪಾಯಿ ಏರಿಸಿದೆ.