ಸುರಂಗದ ನೀರಿನ ಲೆಕ್ಕ ಮೊಬೈಲಿಗೆ

ಕಾಸರಗೋಡಿನ ನಮ್ಮ ಬಾಯಾರು ಬದಿಯಲ್ಲಿ ಹಲವು ಅಡಿಕೆ ತೋಟಗಳಿಗೆ ಈಗಲೂ ಸುರಂಗದ ನೀರೇ ಆಧಾರ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಟ್ಯಾಂಕಿಗೆ ಬೀಳುತ್ತದೆ. ಪಂಪು ಬೇಡ. ನಮ್ಮ ಟ್ಯಾಂಕಿ 4 ಮೀಟರ್ ಉದ್ದ, 3 ಮೀಟರ್ ಅಗಲ. ನೀರು 1 ಸೆಂ.ಮೀ. ಏರಿದರೆ 120 ಲೀಟರ್ ಬಂತು ಅಂತ ಲೆಕ್ಕ. ಶಿವರಾತ್ರಿಯಿಂದ ಪತ್ತನಾಜೆಯವರೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆ) ಒರತೆ ಹೇಗೆ ಇಳಿಯುತ್ತದೆ ಅನ್ನುವುದನ್ನು ಅಂದಾಜಿನಲ್ಲಲ್ಲ, ಲೀಟರಿನಲ್ಲೇ ನೋಡಬೇಕು ಅನ್ನಿಸಿತು. "ಗುಡ್ಡ ಹತ್ತಿ ನೋಡಿದರೆ ಆಗುವುದಿಲ್ಲವಾ ಮಾರಾಯ?" ಅಂತ ಅಪ್ಪ ಕೇಳಿದರು. ಆಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಹತ್ತುವವರು ಯಾರು?

ಸಾಮಾನು ಜಾಸ್ತಿ ಇಲ್ಲ. ವೈಫೈ ಇರುವ ಇಎಸ್‌ಪಿ8266 ಚಿಪ್ಪಿನ ನೋಡ್‌ಎಂಸಿಯು ಬೋರ್ಡ್ (ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಕಂಪ್ಯೂಟರ್), ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ದೂರ ಅಳೆಯುವ, ನೀರು ತಾಗಿದರೂ ಕೆಡದ ಅಲ್ಟ್ರಾಸಾನಿಕ್ ಸೆನ್ಸರ್, ತಾಪಮಾನಕ್ಕೆ ಡಿಎಸ್18ಬಿ20. ಈ ಚಿಪ್ಪಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ರೌಟರಿನಲ್ಲಿ 5 ಮಾತ್ರ ಆನ್ ಇದ್ದರೆ ಅದಕ್ಕೆ ಏನೂ ಕಾಣಿಸುವುದಿಲ್ಲ. ಸೆನ್ಸರಿನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಬೋರ್ಡಿಗೆ ಬೇಕಾದದ್ದು 3.3. ನಡುವೆ 1ಕೆ ಮತ್ತು 2ಕೆ ರೆಸಿಸ್ಟರ್ ಹಾಕಿ ಇಳಿಸಬೇಕು. ಇನ್ನೊಂದು, ಸೆನ್ಸರಿನ ಮುಖಕ್ಕೂ ನೀರಿಗೂ ಕಾಲು ಮೀಟರ್ ಆದರೂ ಅಂತರ ಬೇಕು, ತೀರಾ ಹತ್ತಿರದ್ದನ್ನು ಅದು ಅಳೆಯುವುದಿಲ್ಲ. ಹಾಗಾಗಿ ಪಿವಿಸಿ ಪೈಪಿನಲ್ಲಿ ಚೌಕಟ್ಟು ಮಾಡಿ ಟ್ಯಾಂಕಿಯ ಅಂಚಿಗಿಂತ ಎತ್ತರದಲ್ಲಿ ಕಟ್ಟಿದೆ.

ಟ್ಯಾಂಕಿಯ ಹತ್ತಿರ ಕರೆಂಟ್ ಇಲ್ಲ. ಬ್ಯಾಟರಿ, ಸಣ್ಣ ಸೋಲಾರ್ ಪ್ಯಾನೆಲ್. ಹತ್ತು ನಿಮಿಷಕ್ಕೊಮ್ಮೆ ಎದ್ದು ಅಳೆದು ಕಳಿಸಿ ಮಲಗಬೇಕು, ಅದಕ್ಕೆ ಬೋರ್ಡಿನ ಡಿ0 ಪಿನ್ನನ್ನು ಆರ್‌ಎಸ್‌ಟಿಗೆ (ರೀಸೆಟ್ ಪಿನ್) ಜೋಡಿಸಬೇಕು. ಇಲ್ಲದಿದ್ದರೆ ಮಲಗಿದ ಬೋರ್ಡ್ ಏಳುವುದೇ ಇಲ್ಲ. ಪವರ್‌ಬ್ಯಾಂಕ್ ಈ ಕೆಲಸಕ್ಕೆ ಆಗದು: ಎಳೆಯುವ ಕರೆಂಟ್ ತೀರಾ ಕಡಿಮೆಯಾದಾಗ ಫೋನ್ ಚಾರ್ಜ್ ಮುಗಿಯಿತು ಅಂತ ಹೆಚ್ಚಿನವು ತಾವೇ ಆಫ್ ಆಗುತ್ತವೆ.

ಕಳಿಸುವುದು ಇದ್ದದ್ದರಲ್ಲಿ ಸುಲಭದ ಕೆಲಸ. ಸೆನ್ಸರಿನ ಅಳತೆಗಳನ್ನು ಇಟ್ಟುಕೊಂಡು ಗ್ರಾಫ್ ತೋರಿಸುವ ಥಿಂಗ್‌ಸ್ಪೀಕ್ ಅನ್ನುವ ಜಾಲತಾಣದಲ್ಲಿ ಒಂದು ಚಾನೆಲ್ ತೆರೆದರೆ ಎಂಟು ಫೀಲ್ಡ್ (ಅಳತೆ ಹಾಕುವ ಖಾನೆ) ಸಿಗುತ್ತವೆ. ರೈಟ್ ಕೀ (ಆ ಚಾನೆಲಿಗೆ ಬರೆಯಲು ಬೇಕಾದ ಗುಟ್ಟಿನ ಸಂಕೇತ) ಮತ್ತು ಅಳತೆಗಳನ್ನು ಜಾಲತಾಣದ ವಿಳಾಸದ ಬಾಲಕ್ಕೆ ಸೇರಿಸಿ, ಬ್ರೌಸರ್ ಪುಟ ಕೇಳುವ ಹಾಗೆ ಒಂದು ಗೆಟ್ ರಿಕ್ವೆಸ್ಟ್ ಕಳಿಸಿದರೆ ಮುಗಿಯಿತು. ಉತ್ತರವಾಗಿ ದಾಖಲೆಯ ಕ್ರಮಸಂಖ್ಯೆ ಬರುತ್ತದೆ. 0 ಬಂದರೆ ಸೇರಿಲ್ಲ ಅಂತ ಅರ್ಥ. ಪುಕ್ಕಟೆ ಖಾತೆಯಲ್ಲಿ ಎರಡು ಅಳತೆಗಳ ನಡುವೆ 15 ಸೆಕೆಂಡ್ ಬಿಡಬೇಕು, ನಮಗೆ ಅದು ಧಾರಾಳವಾಯಿತು. ನೀರಿನ ಮಟ್ಟದ ಜೊತೆಗೆ ವೈಫೈ ಸಿಗ್ನಲ್ ಎಷ್ಟಿತ್ತು ಅನ್ನುವುದನ್ನೂ ಒಂದು ಫೀಲ್ಡಿಗೆ ಹಾಕುತ್ತೇನೆ. ಗ್ರಾಫ್ ಎಲ್ಲಾದರೂ ತುಂಡಾದರೆ ಕಾರಣ ಅಲ್ಲೇ ಸಿಗುತ್ತದೆ.

ತಲೆ ತಿನ್ನುವುದು ಕಳಿಸಲಾಗದ ಹೊತ್ತು. ಗುಡುಗು ಶುರುವಾದರೆ ನಾವು ರೌಟರಿನ ಪ್ಲಗ್ಗೇ ಎಳೆದಿಡುತ್ತೇವೆ. ಹೆಚ್ಚಿನ ಮಾದರಿ ಪ್ರೋಗ್ರಾಮ್‌ಗಳಲ್ಲಿ ವೈಫೈ ಸಿಗುವ ತನಕ ಕಾಯುತ್ತಲೇ ಇರುವ ಒಂದು ಲೂಪ್ ಇರುತ್ತದೆ. ರೌಟರ್ ಇಲ್ಲದ ರಾತ್ರಿ ಅದು ಬ್ಯಾಟರಿಯನ್ನು ನುಂಗಿಬಿಡುತ್ತದೆ. ನಾನು 15 ಸೆಕೆಂಡಿನ ಗಡುವು ಹಾಕಿದೆ. ಸಿಗಲಿಲ್ಲವಾ, ಅಳತೆಯನ್ನು ಚಿಪ್ಪಿನ ಆರ್‌ಟಿಸಿ ಮೆಮೊರಿಯಲ್ಲಿಟ್ಟು ಮಲಗು. ಮಲಗಿದರೂ ಆ 512 ಬೈಟ್ ಅಳಿಯುವುದಿಲ್ಲ. ಒಂದು ಅಳತೆಗೆ 4 ಬೈಟ್ ಸಾಕು, ಎಂಟು ಗಂಟೆಯ 48 ಅಳತೆಗೆ 192. ವೈಫೈ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಬಲ್ಕ್ ಅಪ್‌ಡೇಟ್ ಆಗಿ ಕಳಿಸಬಹುದು. ಬೋರ್ಡಿಗೆ ಗಡಿಯಾರ ಇಲ್ಲದಿದ್ದರೂ ಆಗುತ್ತದೆ, ಒಂದೊಂದರ ನಡುವೆ ಎಷ್ಟು ಸೆಕೆಂಡ್ ಕಳೆಯಿತು ಅಂತ ಹೇಳಿದರಾಯಿತು.

ಸೆನ್ಸರಿಗೆ ಪ್ರತಿಧ್ವನಿ ಕೇಳಿಸದಿದ್ದರೆ ಪ್ರತಿಧ್ವನಿಯ ಹೊತ್ತು ಅಳೆಯುವ ಆರ್ಡುಯಿನೋ ಪ್ರೋಗ್ರಾಮಿನ ಪಲ್ಸ್‌ಇನ್ ಆದೇಶ 0 ಕೊಡುತ್ತದೆ. ಅದನ್ನು ಹಾಗೇ ಲೆಕ್ಕಕ್ಕೆ ಹಾಕಿದರೆ ದೂರ ಸೊನ್ನೆ, ಅಂದರೆ ಟ್ಯಾಂಕಿ ತುಂಬಿ ತುಳುಕುತ್ತಿದೆ! ಅಂಥದ್ದನ್ನು ಕಳಿಸಲೇಬಾರದು. ಖಾಲಿ ಜಾಗ ಕಂಡರೆ ಏನೋ ಆಗಿದೆ ಅಂತ ಗೊತ್ತಾಗುತ್ತದೆ, ಸುಳ್ಳು ಸಂಖ್ಯೆ ಕಂಡರೆ ನಂಬಿಬಿಡುತ್ತೇವೆ ಅಲ್ವಾ? ಐದು ಸಲ ಅಳೆದು, ಸೊನ್ನೆಗಳನ್ನು ಬಿಟ್ಟು, ಉಳಿದವುಗಳಲ್ಲಿ ನಡುವಿನದ್ದನ್ನು ಕಳಿಸುತ್ತೇನೆ.

ಇದಕ್ಕಿಂತ ಮಜದ ಸುಳ್ಳು ಬಿಸಿಲಿನದ್ದು. ಗಾಳಿ ಬಿಸಿಯಾದರೆ ಶಬ್ದ ಬೇಗ ಓಡುತ್ತದೆ, ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್ ಹೆಚ್ಚು. ಸೆನ್ಸರಿನಿಂದ ಒಂದು ಮೀಟರ್ ಕೆಳಗೆ ನೀರಿದ್ದು, ಬೆಳಗಿಗಿಂತ ಮಧ್ಯಾಹ್ನ ಹತ್ತು ಡಿಗ್ರಿ ಸೆಕೆ ಹೆಚ್ಚಿದರೆ, ನೀರು ಸುಮಾರು 1.7 ಸೆಂ.ಮೀ. ಏರಿದಂತೆ ಕಾಣುತ್ತದೆ. ನಮ್ಮ ಟ್ಯಾಂಕಿಯ ಲೆಕ್ಕದಲ್ಲಿ ಇದು 200 ಲೀಟರ್, ಒಂದು ಹನಿ ಬೀಳದೆ! ಡಿಎಸ್18ಬಿ20 ಇಟ್ಟದ್ದು ಇದಕ್ಕೇ. ವೇಗ = 331.3 + 0.606 × ತಾಪಮಾನ. ಆ ಸೆನ್ಸರ್ ಕೂಡ ವೈರ್ ಕಳಚಿದರೆ ಮೈನಸ್ 127 ಅನ್ನುತ್ತದೆ, ಅಳೆಯುವ ಮೊದಲೇ ಓದಿದರೆ 85 ಅನ್ನುತ್ತದೆ. ಎರಡನ್ನೂ ಎಸೆಯಬೇಕು.

ಒರತೆಯ ಲೆಕ್ಕಕ್ಕೆ ನಾನು ಹಗಲನ್ನು ಮುಟ್ಟುವುದೇ ಇಲ್ಲ. ಸಂಜೆ ಸ್ಪ್ರಿಂಕ್ಲರ್ ಬಿಟ್ಟು ಟ್ಯಾಂಕಿ ಇಳಿಸುತ್ತೇವೆ, ರಾತ್ರಿ ಯಾರೂ ನೀರು ತೆಗೆಯುವುದಿಲ್ಲ. ಹತ್ತು ಗಂಟೆಯ ಮಟ್ಟವನ್ನು ಬೆಳಗಿನ ಐದರ ಮಟ್ಟದಿಂದ ಕಳೆದು ಏಳರಿಂದ ಭಾಗಿಸಿದರೆ ಗಂಟೆಯ ಒರತೆ. 14 ಸೆಂ.ಮೀ. ಏರಿದ್ದರೆ ಗಂಟೆಗೆ 240 ಲೀಟರ್. ಹತ್ತು ಹತ್ತು ನಿಮಿಷದ ಏರಿಕೆ ನೋಡಿ ಪ್ರಯೋಜನವಿಲ್ಲ, ಸೆನ್ಸರಿನ ನಡುಕವೇ ಅದಕ್ಕಿಂತ ದೊಡ್ಡದು.

ಅಳತೆಗಳನ್ನು ಕಳಿಸುವುದು ಸಾದಾ ಎಚ್‌ಟಿಟಿಪಿಯಲ್ಲಿ, ಅಂದರೆ ಗೂಢಲಿಪಿ ಇಲ್ಲದೆ. ದಾರಿಯಲ್ಲಿ ಯಾರಾದರೂ ಕೀ ಕದ್ದರೂ ನಮ್ಮ ಟ್ಯಾಂಕಿಗೆ ಸುಳ್ಳು ಲೆಕ್ಕ ಬರೆಯಬಹುದು, ಅಷ್ಟೆ. ಗೇಟ್‌ವಾಲ್ವ್ ಕೂಡ ಮೊಬೈಲಿನಲ್ಲೇ ತಿರುಗಿಸುವ ಹಾಗೆ ಮಾಡು ಅಂತ ತಮ್ಮ ಹಟ ಹಿಡಿದಿದ್ದಾನೆ. ಈ ದಾರಿಯಲ್ಲಂತೂ ಅದನ್ನು ಮಾಡುವುದಿಲ್ಲ. ವಾಲ್ವ್ ಸದ್ಯಕ್ಕೆ ಅಪ್ಪನ ಕೈಯಲ್ಲೇ ಇದೆ.