ಕಾದಿಸ್ ಸಂವಿಧಾನ: ವಸಾಹತುಗಳ ಪಾಠವನ್ನು ಲೆಕ್ಕ ಮಾಡಿಸಿ ಕಲಿಸುವ ಬಗೆ

ಸ್ಪೇನಿನ 1812ರ ಸಂವಿಧಾನವನ್ನು ಇಸವಿಗಳ ಪಟ್ಟಿಯಾಗಿ ಒಪ್ಪಿಸಿದರೆ ಮಕ್ಕಳ ತಲೆಗೆ ಹತ್ತುವುದಿಲ್ಲ. ಅದು ವಸಾಹತುಗಳಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡದ್ದು ತಲೆ ಎಣಿಸುವ ಲೆಕ್ಕದಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಗೆ ಎರಡು ಪಿರಿಯಡ್, ಒಂದು ಲೋಕ ಭೂಪಟ, ಎರಡು ಬಣ್ಣದ ಸೀಮೆಸುಣ್ಣ ಸಾಕು.

ಹಿನ್ನೆಲೆಗೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ. 1808ರಲ್ಲಿ ಫ್ರಾನ್ಸಿನ ನೆಪೋಲಿಯನ್, ಸ್ಪೇನಿನ ದೊರೆ ಏಳನೇ ಫರ್ಡಿನಾಂಡನನ್ನು ಸೆರೆಯಲ್ಲಿಟ್ಟ. 1810ರ ಸೆಪ್ಟೆಂಬರ್ 24ರಂದು ಸ್ಪೇನಿನ ಬಂದರು ನಗರ ಕಾದಿಸ್ ಬಳಿ ಕೊರ್ತೆಸ್ ಎಂಬ ಪ್ರತಿನಿಧಿ ಸಭೆ ಸೇರಿತು. ಅಮೆರಿಕ ಖಂಡದ ಸ್ಪೇನ್ ವಸಾಹತುಗಳ ಪ್ರತಿನಿಧಿಗಳೂ ಅದರಲ್ಲಿದ್ದರು. 1812ರ ಮಾರ್ಚ್ 19ರಂದು ಸಂವಿಧಾನ ಘೋಷಣೆಯಾಯಿತು. ಎರಡೂ ಗೋಳಾರ್ಧಗಳ ಸ್ಪೇನಿಗರೆಲ್ಲ ಸೇರಿದ್ದೇ ರಾಷ್ಟ್ರ ಎನ್ನುತ್ತದೆ ಒಂದನೇ ವಿಧಿ. ಇದನ್ನು ಬೋರ್ಡಿನ ಮೇಲ್ತುದಿಯಲ್ಲಿ ಬರೆದು, ಕೊನೆಯವರೆಗೆ ಒರೆಸಬೇಡಿ.

ಈಗ ಲೆಕ್ಕ. ಈ ಸಂವಿಧಾನದಂತೆ ಕೊರ್ತೆಸಿಗೆ 70,000 ಜನರಿಗೆ ಒಬ್ಬ ಪ್ರತಿನಿಧಿ. ಉಳಿಕೆ 35,000 ಮೀರಿದರೆ ಇನ್ನೊಬ್ಬ. ಇದನ್ನು ನಮ್ಮ ಜಿಲ್ಲೆಗೇ ಹಚ್ಚಿ ನೋಡಿಸಿ. 2011ರ ಜನಗಣತಿಯಂತೆ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಹದಿನೆಂಟು ಸ್ಥಾನಕ್ಕೆ 12,60,000 ಕಳೆದರೆ 47,375 ಉಳಿಯುತ್ತದೆ. ಹಾಗಾಗಿ 19 ಸ್ಥಾನ.

ಇನ್ನು 18, 22, 29ನೇ ವಿಧಿಗಳಿಗೆ ಬನ್ನಿ. ತಂದೆಯ ಕಡೆಯಿಂದಾಗಲಿ ತಾಯಿಯ ಕಡೆಯಿಂದಾಗಲಿ ಆಫ್ರಿಕಾ ಮೂಲವಿದ್ದವರು ಈ ಎಣಿಕೆಗೇ ಬರುವುದಿಲ್ಲ. ಜಿಲ್ಲೆಯ ಮೂರನೇ ಒಂದು ಪಾಲು ಅಂಥವರೆಂದು ಊಹಿಸಿ ಲೆಕ್ಕದಿಂದ ಕಳೆಯಿಸಿ. ಉಳಿದದ್ದು 8,71,583. ಹನ್ನೆರಡು ಸ್ಥಾನ ಕಳೆದರೆ ಶೇಷ 31,583, ಅದಕ್ಕೆ ಏನೂ ಸಿಗದು. ಏಳು ಸ್ಥಾನ ಖೋತಾ! ಅಮೆರಿಕದ ಆ ವಸಾಹತುಗಳ ಜನಸಂಖ್ಯೆ ಸ್ಪೇನಿನದನ್ನು ಮೀರಿತ್ತು. ಎಲ್ಲರನ್ನೂ ಎಣಿಸಿದ್ದರೆ ಕೊರ್ತೆಸಿನಲ್ಲಿ ಸ್ಪೇನಿನವರೇ ಅಲ್ಪಸಂಖ್ಯಾತರು. ಇಷ್ಟನ್ನು ಮಕ್ಕಳ ಬಾಯಿಂದಲೇ ಹೊರಡಿಸಿ, ನೀವು ಮೊದಲೇ ಹೇಳಿಬಿಡಬೇಡಿ.

ಮಕ್ಕಳು ತಪ್ಪುವುದು ಇಲ್ಲೇ: ಮೂಲನಿವಾಸಿಗಳನ್ನೂ ಹೊರಗಿಟ್ಟರು ಎಂದು ಬರೆಯುತ್ತಾರೆ. ಇಲ್ಲ, ಅವರು ಪ್ರಜೆಗಳೇ. ಅವರ ತಲೆಗಂದಾಯವೂ 1811ರಲ್ಲೇ ರದ್ದಾಗಿತ್ತು. ಗುಲಾಮಗಿರಿ ಮಾತ್ರ ಹಾಗೇ ಉಳಿಯಿತು.

ಎರಡನೇ ಪಿರಿಯಡ್‌ನಲ್ಲಿ ಭೂಪಟ. ಸಂವಿಧಾನ ಜಾರಿಗೆ ಬಂದ ಮೆಕ್ಸಿಕೊ, ಗ್ವಾಟೆಮಾಲ, ಪೆರು, ಕ್ಯೂಬಾ, ಮನಿಲಾಗಳಿಗೆ ಒಂದು ಬಣ್ಣ. ಒಪ್ಪದೆ ತಮ್ಮ ದಾರಿ ಹಿಡಿದ ಕರಾಕಸ್, ಬ್ಯೂನಸ್ ಐರಿಸ್‌ಗಳಿಗೆ ಇನ್ನೊಂದು. ಸಾವಿರ ಜನರಿರುವ ಊರಿಗೆ ಚುನಾಯಿತ ಪುರಸಭೆ ಬಂದದ್ದು, ದುಡ್ಡು ಕೊಟ್ಟು ಕೊಂಡು ಮಗನಿಗೆ ಬಿಟ್ಟುಹೋಗುತ್ತಿದ್ದ ಸದಸ್ಯತ್ವ ನಿಂತದ್ದು ದೊಡ್ಡ ಬದಲಾವಣೆ. ನಮ್ಮ ಪಂಚಾಯತು ಚುನಾವಣೆ ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮೆಕ್ಸಿಕೊ ನಗರದಲ್ಲಿ 1812ರ ನವೆಂಬರ್ ಚುನಾವಣೆಯನ್ನು ಅಲ್ಲಿಯೇ ಹುಟ್ಟಿದವರು ಗೆದ್ದದ್ದೇ ತಡ, ವೈಸ್‌ರಾಯ್ ವೆನೆಗಾಸ್ ಪತ್ರಿಕಾ ಸ್ವಾತಂತ್ರ್ಯವನ್ನೇ ಅಮಾನತಿನಲ್ಲಿಟ್ಟ.

ಮಂಜೇಶ್ವರದ ಕಡೆ ಕೊಂಕಣಿ ಮನೆಮಾತಿನ ಮಕ್ಕಳಿದ್ದರೆ ಗೋವಾವನ್ನೂ ತೋರಿಸಿ. ಇದೇ ಸಂವಿಧಾನವನ್ನು ಮಾದರಿಯಾಗಿಟ್ಟುಕೊಂಡ ಪೋರ್ಚುಗಲ್ ಕ್ರಾಂತಿಯಿಂದಾಗಿ 1822ರಲ್ಲಿ ಬರ್ನಾರ್ಡೊ ಪೆರೆಸ್ ದ ಸಿಲ್ವ ಪೋರ್ಚುಗಲ್ ಸಂಸತ್ತಿಗೆ ಗೋವಾದ ಪ್ರತಿನಿಧಿಯಾಗಿ ಆಯ್ಕೆಯಾದರು.

ಕೊನೆಗೆ ನಾಲ್ಕು ಇಸವಿ: 1814ರಲ್ಲಿ ಸೆರೆಯಿಂದ ಮರಳಿದ ಫರ್ಡಿನಾಂಡ್ ಕಾದಿಸ್ ಸಂವಿಧಾನವನ್ನು ರದ್ದು ಮಾಡಿದ, 1820ರಲ್ಲಿ ಅಮೆರಿಕಕ್ಕೆ ಹೊರಡಬೇಕಿದ್ದ ಸೈನ್ಯವೇ ದಂಗೆಯೆದ್ದು ಮರಳಿ ತಂದಿತು, 1823ರಲ್ಲಿ ಮತ್ತೆ ಬಿತ್ತು. 1837ರ ಹೊಸ ಸಂವಿಧಾನವು ಕ್ಯೂಬಾ, ಪೋರ್ಟೊ ರಿಕೊ, ಫಿಲಿಪೀನ್ಸ್‌ಗಳಿಗೆ ‘ವಿಶೇಷ ಕಾನೂನು’ ಎಂದು ಹೇಳಿ ಅವರ ಪ್ರತಿನಿಧಿಗಳನ್ನು ಹೊರಗಿಟ್ಟಿತು. ಆಗ ಅವರಿಗೆ ಸಿಕ್ಕ ಸ್ಥಾನ ಎಷ್ಟೆಂದು ಕೇಳಿ. ಸೊನ್ನೆ ಬರೆದವರಿಗೆ ಪೂರ್ಣ ಅಂಕ.